ಗಾಳಿ ಯಾರ ಸ್ವತ್ತು?

ಹೋದ ತಿಂಗಳು ಬಂಧುಗಳ ಮನೆಯೊಂದರ ಗೃಹಪ್ರವೇಶಕ್ಕೆ ಹೋಗಿದ್ದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಗುರುತು ಹಿಡಿಯಲು ಕೊಂಚ ಹೊತ್ತು ಬೇಕಾಯಿತು. ನನ್ನ ನೆನಪಿನಲ್ಲಿದ್ದವನು ಚಡ್ಡಿ ತೊಟ್ಟ ಎಂಟನೆಯ ತರಗತಿಯ ಹುಡುಗ. ಎದುರಿಗೆ ನಿಂತಿದ್ದವನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದ, ತಲೆ ನರೆತ ಗೃಹಸ್ಥ. ಊಟಕ್ಕೆ ಪಕ್ಕಪಕ್ಕದಲ್ಲೇ ಕುಳಿತೆವು. ಹಜಾರದ ಗೋಡೆಯ ಮೇಲೆ ಹೊಸ ಟೀವಿ. ಅದರಲ್ಲಿ ಆರೇಳು ಜನ ಬೇರೆ ಬೇರೆ ಚೌಕಗಳಲ್ಲಿ ಕುಳಿತು ಏಕಕಾಲಕ್ಕೆ ಕೂಗಾಡುತ್ತಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಶಿಷ್ಯ ಹೇಳಿದ: “ಈ ಚಾನೆಲ್‌ಗಳ ಬಾಯಿಗೆ ಸರ್ಕಾರ ಬೀಗ ಹಾಕಬೇಕು ಸಾರ್. ಇಲ್ಲದಿದ್ದರೆ ಇವು ಸುಮ್ಮನಾಗುವುದಿಲ್ಲ.”

ಎಲೆಯ ಮುಂದೆ ವಾದ ಮಾಡುವುದು ನನ್ನ ಅಭ್ಯಾಸವಲ್ಲ. ಅವನ ಸಿಟ್ಟು ಅಕಾರಣವೆಂದೂ ನಾನು ಹೇಳಲಾರೆ. ಆದರೆ ಆ ಬೀಗದ ಕಥೆಯಲ್ಲಿ ನನ್ನದೂ ಒಂದು ಸಣ್ಣ ಪಾತ್ರವಿದೆ. ಅದನ್ನು ಇಂದಿನವರೆಗೆ ಎಲ್ಲಿಯೂ ಬರೆದಿಲ್ಲ. ಬರೆಯುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಿಮ್ಮಲ್ಲಿ ಐವತ್ತು ದಾಟಿದವರಿಗೆ ರೇಡಿಯೊ ಲೈಸೆನ್ಸ್ ನೆನಪಿರಬಹುದು. ನಮ್ಮ ತಂದೆಯವರು ರೇಡಿಯೊ ಕೊಂಡಾಗ ಅದರ ಜೊತೆಗೆ ಅಂಚೆ ಕಚೇರಿಯಿಂದ ಒಂದು ಪುಸ್ತಕವೂ ಬಂದಿತ್ತು. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ, ಅದರಲ್ಲಿ ಮುದ್ರೆ ಹಾಕಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ. ಬಾನುಲಿಯನ್ನು ಬರಿದೇ ಕೇಳುವುದಕ್ಕೂ ಅಪ್ಪಣೆ ಬೇಕಾಗಿತ್ತೆಂದರೆ ಇಂದಿನ ಮಕ್ಕಳು ನಗುತ್ತಾರೆ. ಈ ಪದ್ಧತಿ ಪೂರ್ತಿಯಾಗಿ ಹೋದದ್ದು 1980ರ ದಶಕದಲ್ಲಿ. ಇದೆಲ್ಲದರ ಬೇರು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಆ ಕಾಯ್ದೆ ಬಂದಾಗ ರೇಡಿಯೊ ಎಂಬುದು ಇನ್ನೂ ಹುಟ್ಟಿಯೇ ಇರಲಿಲ್ಲ! ತಂತಿ ಕಂಬಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯ ಕೊಡಲು ಬ್ರಿಟಿಷರು ಮಾಡಿದ ಕಾನೂನು, ಮುಂದೆ ತಂತಿಯೇ ಇಲ್ಲದ ಗಾಳಿಗೂ ವಿಸ್ತರಿಸಿತು. ಸ್ವತಂತ್ರ ಭಾರತವೂ ಅದನ್ನೇ ಕೈಹಿಡಿದು ನಡೆಯಿತು. 2023ರ ದೂರಸಂಪರ್ಕ ಕಾಯ್ದೆ ಬರುವವರೆಗೆ ಅದಕ್ಕೆ ಪೂರ್ಣ ನಿವೃತ್ತಿ ದೊರೆಯಲಿಲ್ಲ.

ಹಾಗೆಂದು ನಮ್ಮ ನಾಡಿನಲ್ಲಿ ಬಾನುಲಿ ಆರಂಭವಾದದ್ದು ಸರ್ಕಾರದಿಂದಲ್ಲ. 1927ರಲ್ಲಿ ಮುಂಬಯಿಯಲ್ಲಿ ಖಾಸಗಿ ಕಂಪನಿಯೊಂದು ನಿಲಯವನ್ನು ತೆರೆದು, ಮೂರು ವರ್ಷಗಳಲ್ಲೇ ದಿವಾಳಿಯೆದ್ದಿತು. 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರಾಯಿತು. ಅದಕ್ಕೂ ಒಂದು ವರ್ಷ ಮೊದಲೇ, 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರೇಷಕವನ್ನಿಟ್ಟು ಪ್ರಸಾರ ಶುರುಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೆ ಕೊಟ್ಟದ್ದು ಆ ಮನೆ. 1941ರಲ್ಲಿ ಮೈಸೂರು ಸಂಸ್ಥಾನ ಅದನ್ನು ತನ್ನದಾಗಿಸಿಕೊಂಡಿತು. ಗಣರಾಜ್ಯವಾದ ಬಳಿಕ ಅದು ಕೇಂದ್ರಕ್ಕೆ ಸೇರಿ, 1955ರಲ್ಲಿ ನಿಲಯ ಬೆಂಗಳೂರಿಗೆ ಹೊರಟುಹೋಯಿತು. ಅಲ್ಲಿಗೆ ಮೇಷ್ಟರೊಬ್ಬರ ಉತ್ಸಾಹದ ಕಥೆ ಮುಗಿಯಿತು. (ಮೇಷ್ಟರುಗಳ ಉತ್ಸಾಹವೆಲ್ಲ ಕಡೆಗೆ ಇಲಾಖೆಯ ಕಡತವಾಗುವುದು ನಮಗೆ ಹೊಸದಲ್ಲ, ಬಿಡಿ.)

ಅನಂತರ ಬಾನುಲಿಯಲ್ಲಿ ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನು ದೆಹಲಿ ನಿರ್ಧರಿಸಿತು. ಹಾರ್ಮೋನಿಯಂ ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಸಲ್ಲದೆಂದು 1940ರಿಂದ ಮೂರು ದಶಕಗಳ ಕಾಲ ಅದಕ್ಕೆ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರು ಸಂಗೀತಜ್ಞರು, ಸದುದ್ದೇಶದವರು. ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುತ್ತದೆಂದು ಅವರು ನಂಬಿದ್ದರು. ಆಕಾಶವಾಣಿಯಿಂದ ಚಿತ್ರಗೀತೆಗಳು ಕಾಣೆಯಾದವು. ಕೇಳುಗರು ಸಮುದ್ರದಾಚೆಯ ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ‘ವಿವಿಧ ಭಾರತಿ’ಯನ್ನು ತೆರೆದು ಸರ್ಕಾರ ತಾನೇ ಹಾಡು ಹಾಕಬೇಕಾಯಿತು. ಈ ಪ್ರಸಂಗವನ್ನು ತರಗತಿಯಲ್ಲಿ ನಗುತ್ತಾ ಹೇಳುತ್ತಿದ್ದೆ. ಹಾಡಿನ ವಿಷಯದಲ್ಲಿ ನಗಬಹುದು. ಸುದ್ದಿಯ ವಿಷಯ ಬೇರೆ. ಹಾಡಿಗಾದರೆ ಸಿಲೋನ್ ಇತ್ತು.

ಈ ಬೀಗದ ಕೈ ಸರ್ಕಾರದ ಸೊಂಟದಲ್ಲಿರುವುದು ಒಳ್ಳೆಯದಲ್ಲವೆಂದು ಆಗಲೇ ಕೆಲವರಿಗೆ ಅನ್ನಿಸಿತ್ತು. 1964ರಲ್ಲಿ ಅಶೋಕ ಚಂದಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಬಾನುಲಿಯನ್ನೂ ದೂರದರ್ಶನವನ್ನೂ ಇಲಾಖೆಯಿಂದ ಬಿಡಿಸಿ, ಪ್ರತ್ಯೇಕ ಸ್ವಾಯತ್ತ ನಿಗಮಗಳಿಗೆ ಒಪ್ಪಿಸಬೇಕೆಂದು 1966ರಲ್ಲಿ ಆ ಸಮಿತಿ ಶಿಫಾರಸು ಮಾಡಿತು. ಸಮಿತಿ ನೇಮಕವಾದಾಗ ವಾರ್ತಾ ಸಚಿವೆಯಾಗಿದ್ದವರು ಶ್ರೀಮತಿ ಇಂದಿರಾ ಗಾಂಧಿ. ವರದಿ ಕೈಸೇರುವ ಹೊತ್ತಿಗೆ ಅವರೇ ಪ್ರಧಾನಿ. ಕಾಲ ಇನ್ನೂ ಪಕ್ವವಾಗಿಲ್ಲವೆಂದು ಸರ್ಕಾರ ಆ ಮುಖ್ಯ ಸಲಹೆಯನ್ನು ಬದಿಗಿರಿಸಿತು.

ಇನ್ನು ನನ್ನ ಪಾತ್ರಕ್ಕೆ ಬರುತ್ತೇನೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಳಿಗ್ಗೆ ಪ್ರಧಾನಿಯವರು ಆಕಾಶವಾಣಿಯಲ್ಲಿ ಮಾತನಾಡಿ, ಗಾಬರಿಪಡುವ ಕಾರಣವಿಲ್ಲವೆಂದರು. ಅದೇ ದಿನ ಬೆಂಗಳೂರಿನಲ್ಲಿ, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ ಕಳುಹಿಸಲಾಯಿತು. (ಇಂದಿನ ಫ್ರೀಡಂ ಪಾರ್ಕ್ ಇರುವುದು ಅದೇ ಜಾಗದಲ್ಲಿ.) ವಾರ್ತಾ ಇಲಾಖೆಯಿಂದ ಗುಜ್ರಾಲರನ್ನು ಸರಿಸಿ ವಿದ್ಯಾಚರಣ ಶುಕ್ಲರನ್ನು ತರಲಾಯಿತು. ಪತ್ರಿಕೆಗಳಿಗೆ ಸೆನ್ಸಾರ್ ಬಂದಿತು. ಆಕಾಶವಾಣಿಗೆ ಸೆನ್ಸಾರ್ ಹೊರಗಿನಿಂದ ಬರಬೇಕಾಗಿರಲಿಲ್ಲ. ಅದು ಇಲಾಖೆಯದೇ ಒಂದು ಅಂಗವಾಗಿತ್ತು.

ಆಗ ನಾನು ಹೊಸ ಮೇಷ್ಟರು. ಎಂಟನೆಯ ತರಗತಿಗೆ ಕನ್ನಡ. ಮಕ್ಕಳ ಕಾಗುಣಿತ ತಿದ್ದಲು ನಾನೊಂದು ಉಪಾಯ ಮಾಡಿದ್ದೆ. ಬೆಳಗಿನ ಕನ್ನಡ ವಾರ್ತೆಯ ಮುಖ್ಯಾಂಶಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅದನ್ನೇ ಉಕ್ತಲೇಖನ ಕೊಡುತ್ತಿದ್ದೆ. ವಾರ್ತೆಯ ಭಾಷೆ ಶುದ್ಧ, ಉಚ್ಚಾರಣೆ ಸ್ಪಷ್ಟ. ಅಲ್ಪಪ್ರಾಣ ಮಹಾಪ್ರಾಣಗಳಿಗೆ ಅದಕ್ಕಿಂತ ಒಳ್ಳೆಯ ಪಾಠವಿರಲಿಲ್ಲ. ಆ ವರ್ಷ ಇಪ್ಪತ್ತು ಅಂಶಗಳ ಕಾರ್ಯಕ್ರಮ, ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿರುವುದು, ಶಿಸ್ತು, ಉತ್ಪಾದನೆ ಇವೇ ನಮ್ಮ ಉಕ್ತಲೇಖನ. ‘ಉತ್ಪಾದನೆ’ಯ ಒತ್ತಕ್ಷರವನ್ನು ಆ ವರ್ಷ ಕಲಿತಷ್ಟು ಚೆನ್ನಾಗಿ ಮಕ್ಕಳು ಮತ್ತೆಂದೂ ಕಲಿಯಲಿಲ್ಲ.

ನಮ್ಮೂರಿನಲ್ಲಿ ವಕೀಲರೊಬ್ಬರಿದ್ದರು. ಅವರನ್ನು ಒಂದು ರಾತ್ರಿ ಮನೆಯಿಂದ ಕರೆದುಕೊಂಡು ಹೋದರು. ಏಕೆಂದು ಯಾರಿಗೂ ಹೇಳಲಿಲ್ಲ. ‘ಮೀಸಾ’ ಎಂಬ ಎರಡಕ್ಷರ ಮಾತ್ರ ಊರಿನಲ್ಲಿ ಓಡಾಡಿತು. ಅವರ ಮಗ ನನ್ನ ತರಗತಿಯಲ್ಲಿದ್ದ. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂದವನು, ನಾನು ಉಕ್ತಲೇಖನ ಶುರುಮಾಡುವ ಮೊದಲೇ ಎದ್ದುನಿಂತು ಕೇಳಿದ: “ಸಾರ್, ನಮ್ಮಪ್ಪನ್ನ ಹಿಡಿದುಕೊಂಡು ಹೋದದ್ದು ವಾರ್ತೆಯಲ್ಲಿ ಬಂತಾ?”

ತರಗತಿ ಸ್ತಬ್ಧವಾಯಿತು. ಬಾಗಿಲು ತೆರೆದೇ ಇತ್ತು. ಹೊರಗೆ ಯಾರಾದರೂ ಇದ್ದಾರೆಯೇ ಎಂದು ನಾನು ಮೊದಲು ನೋಡಿದೆ. ಅದನ್ನು ಮರೆಯಲಾರೆ. ಅನಂತರ, “ಕೂತುಕೋ, ಬರೆದುಕೋ” ಎಂದೆ. ಅವನು ಕುಳಿತ, ಬರೆಯಲಿಲ್ಲ. ಪೆನ್ನಿನ ಮುಚ್ಚಳ ತೆಗೆಯದೆ, ಖಾಲಿ ಹಾಳೆಯನ್ನೇ ತಂದು ಮೇಜಿನ ಮೇಲಿಟ್ಟ. ನಾನು ಅದರ ಮೇಲೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಆಗ ನನಗೆ ಇಪ್ಪತ್ತಾರು ವರ್ಷ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆಯಲ್ಲಿ ಮದುವೆಗಿದ್ದ ತಂಗಿ. ಇವೆಲ್ಲ ಕಾರಣಗಳೇ. ಆದರೂ ಆ ಸೊನ್ನೆ ಹಾಕಿದ್ದು ನಾನೇ. ದೆಹಲಿಯಿಂದ ಯಾರೂ ಬಂದು ಹಾಕಲಿಲ್ಲ.

ರಾತ್ರಿ ಮಾತ್ರ ನಾವು ಮೂರು ನಾಲ್ಕು ಜನ ಉಪಾಧ್ಯಾಯರು ಒಬ್ಬರ ಮನೆಯಲ್ಲಿ ಸೇರಿ, ಕಿಟಕಿ ಮುಚ್ಚಿ, ಬಿಬಿಸಿ ಹಾಕಿಕೊಳ್ಳುತ್ತಿದ್ದೆವು. ಶಾರ್ಟ್‌ವೇವಿನ ಗರಗರ ಸದ್ದಿನ ನಡುವೆ ನಮ್ಮದೇ ದೇಶದ ಸಮಾಚಾರವನ್ನು ಲಂಡನ್ನಿನಿಂದ ಕೇಳಬೇಕಾಗಿತ್ತು. ಬಿಬಿಸಿಯೂ ಜನರ ಹಣದಿಂದಲೇ ನಡೆಯುವ ಸಂಸ್ಥೆ. ಜನರ ಹಣದಿಂದ ನಡೆಯುವುದು ಬೇರೆ, ಆಳುವವರ ಕೈಕೆಳಗೆ ನಡೆಯುವುದು ಬೇರೆ ಎಂಬುದು ನನ್ನ ತಲೆಗೆ ಹೊಕ್ಕದ್ದು ಆ ಮುಚ್ಚಿದ ಕಿಟಕಿಯ ಕೋಣೆಯಲ್ಲಿ.

ಆ ಕಾಲದ ಎರಡು ಮೂರು ಸಂಗತಿಗಳನ್ನು ದಾಖಲೆಗಾಗಿ ಹೇಳುತ್ತೇನೆ. ಕಾಂಗ್ರೆಸ್ಸಿನ ಸಭೆಯೊಂದರಲ್ಲಿ ಹಾಡಲು ಒಪ್ಪದ ತಪ್ಪಿಗೆ ಕಿಶೋರ್ ಕುಮಾರರ ಹಾಡುಗಳನ್ನು 1976ರಲ್ಲಿ ಆಕಾಶವಾಣಿಯಿಂದ ತೆಗೆದುಹಾಕಲಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವೆಲ್ಲ ಕಂಡಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಜೈಲಿನಲ್ಲಿ ಉಬ್ಬಸದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಫೆಬ್ರವರಿ 6ರಂದು ಜಗಜೀವನ ರಾಮ್ ಮೊದಲಾದವರ ಸಭೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ನಡೆಯುವುದಿತ್ತು. ಜನ ಮನೆಯಲ್ಲೇ ಉಳಿಯಲೆಂದು ದೂರದರ್ಶನ ಅದೇ ಹೊತ್ತಿಗೆ ‘ಬಾಬ್ಬಿ’ ಚಲನಚಿತ್ರ ತೋರಿಸಿತು. ಜನ ಸಿನಿಮಾ ಬಿಟ್ಟು ಮೈದಾನಕ್ಕೆ ಹೋದರು.

ಮಾರ್ಚಿಯಲ್ಲಿ ಸರ್ಕಾರ ಬದಲಾಯಿತು. ಬೆಂಗಳೂರಿನ ಜೈಲಿನಲ್ಲಿದ್ದ ಅಡ್ವಾಣಿಯವರೇ ವಾರ್ತಾ ಸಚಿವರಾದರು! ಮಾಧ್ಯಮಗಳ ದುರುಪಯೋಗದ ಬಗ್ಗೆ ಶ್ವೇತಪತ್ರ ಬಂದಿತು. ಬಿ.ಜಿ. ವರ್ಗೀಸ್ ಅವರ ಸಮಿತಿ 1978ರಲ್ಲಿ ವರದಿ ಕೊಟ್ಟು, ‘ಆಕಾಶ ಭಾರತಿ’ ಎಂಬ ರಾಷ್ಟ್ರೀಯ ನ್ಯಾಸಕ್ಕೆ ಪ್ರಸಾರವನ್ನು ವಹಿಸಬೇಕು, ಅದರ ಸ್ವಾಯತ್ತತೆಗೆ ಸಂವಿಧಾನದಲ್ಲೇ ರಕ್ಷಣೆ ಇರಬೇಕು ಎಂದಿತು. ಜೈಲಿನಲ್ಲಿದ್ದವರಿಗಿಂತ ಚೆನ್ನಾಗಿ ಇದರ ಅಗತ್ಯ ಯಾರಿಗೆ ತಿಳಿದೀತು ಎಂದು ನಾವು ಆಸೆಪಟ್ಟೆವು. ಆದರೆ 1979ರಲ್ಲಿ ಮಂಡನೆಯಾದ ಮಸೂದೆಯಲ್ಲಿ ವರದಿಯ ಸತ್ವ ಅರ್ಧವೂ ಉಳಿದಿರಲಿಲ್ಲ. ಅದು ಅಂಗೀಕಾರವಾಗುವ ಮೊದಲೇ ಸರ್ಕಾರವೂ ಉಳಿಯಲಿಲ್ಲ. ಬೀಗದ ಕೈ ಕೈಗೆ ಬಂದ ಮೇಲೆ ಅದನ್ನು ಕೊಟ್ಟುಬಿಡಲು ಯಾವ ಪಕ್ಷಕ್ಕೂ ಮನಸ್ಸು ಬಾರದೆಂಬುದನ್ನು ಮುಂದಿನ ವರ್ಷಗಳಲ್ಲಿಯೂ ಕಂಡೆ. ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾದರೂ ಏಳು ವರ್ಷ ಕಪಾಟಿನಲ್ಲಿತ್ತು. 1997ರಲ್ಲಿ ಜಾರಿಗೆ ಬಂದಿತು. ಆದರೂ ಹಣಕ್ಕೆ ಸರ್ಕಾರದ ಮುಖವನ್ನೇ ನೋಡಬೇಕಾದ ಸಂಸ್ಥೆ ಎಷ್ಟು ಸ್ವತಂತ್ರವಾದೀತು ಎಂಬುದನ್ನು ಅನುದಾನಿತ ಶಾಲೆಯ ಮೇಷ್ಟರಿಗೆ ಯಾರೂ ವಿವರಿಸಬೇಕಾಗಿಲ್ಲ.

ಅಷ್ಟರಲ್ಲಿ ಆಕಾಶಕ್ಕೆ ಬೇರೆ ದಾರಿಯಿಂದ ರಂಧ್ರ ಬಿದ್ದಿತ್ತು. 1991ರ ಕೊಲ್ಲಿ ಯುದ್ಧವನ್ನು ಜನ ಉಪಗ್ರಹ ವಾಹಿನಿಯಲ್ಲಿ ನೋಡಿದರು. ಅನಂತರ ಸ್ಟಾರ್, ಜೀ, 1994ರಲ್ಲಿ ನಮ್ಮ ಉದಯ. ಇಲ್ಲಿಂದ ಉಪಗ್ರಹಕ್ಕೆ ಕಳುಹಿಸಲು ಖಾಸಗಿಯವರಿಗೆ ಅನುಮತಿಯಿರಲಿಲ್ಲ. ಆದ್ದರಿಂದ ಪ್ರಸಾರ ಪರದೇಶದಿಂದ ಆಯಿತು, ಬೀದಿಯ ಕೇಬಲ್‌ನವನು ಮರದಿಂದ ಮರಕ್ಕೆ ತಂತಿ ಕಟ್ಟಿ ಮನೆಮನೆಗೆ ತಲುಪಿಸಿದ.

ನಿಜವಾದ ತಿರುವು ಬಂದದ್ದು ಕ್ರಿಕೆಟ್ಟಿನಿಂದ. 1993ರ ನವೆಂಬರಿನ ಹೀರೊ ಕಪ್ ಫೈನಲ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ 12 ರನ್ನುಗಳಿಗೆ 6 ವಿಕೆಟ್ ಕಿತ್ತದ್ದು ನಿಮಗೆಲ್ಲ ನೆನಪಿದೆ. ಆ ಪಂದ್ಯಾವಳಿಯ ಕ್ಯಾಮೆರಾಗಳ ಜಗಳ ಯಾರಿಗೂ ನೆನಪಿಲ್ಲ. ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಯೊಂದಕ್ಕೆ ಮಾರಿತ್ತು, ದೂರದರ್ಶನ ಮುನಿಸಿಕೊಂಡಿತು, ಕಂಪನಿಯ ಉಪಕರಣಗಳನ್ನು ಮುಂಬಯಿಯಲ್ಲಿ ಕಸ್ಟಮ್ಸ್‌ನವರು ತಡೆದಿಟ್ಟರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರಂದು ಹೊರಬಿದ್ದ ಆ ತೀರ್ಪನ್ನು ನಾನು ನಿವೃತ್ತಿಯ ಬಳಿಕ ನಿಧಾನವಾಗಿ ಓದಿದೆ. ನ್ಯಾಯಮೂರ್ತಿಗಳಾದ ಸಾವಂತ್, ಮೋಹನ್, ಜೀವನ್ ರೆಡ್ಡಿ ಅವರ ತೀರ್ಮಾನದ ತಿರುಳು ಇಷ್ಟು: ತರಂಗಗಳು ಸಾರ್ವಜನಿಕ ಸ್ವತ್ತು. ಅವು ಸರ್ಕಾರದವಲ್ಲ. ಹಾಗೆಂದು ಹಣವಿದ್ದವನು ಬಾಚಿಕೊಳ್ಳುವ ಮಾಲೂ ಅಲ್ಲ. ಸಂವಿಧಾನದ 19ನೆಯ ವಿಧಿ ಕೊಟ್ಟಿರುವ ಮಾತಿನ ಹಕ್ಕು ಆಡುವವನಿಗೆ ಇರುವಂತೆ ಕೇಳುವವನಿಗೂ ಉಂಟು. ಕಾಗದದ ಮೇಲೆ ಎಷ್ಟು ಪತ್ರಿಕೆಗಳಾದರೂ ಅಚ್ಚಾಗಬಹುದು, ತರಂಗಗಳು ಮಿತವಾದವು. ಆದ್ದರಿಂದ ಹಂಚಿಕೆಗೆ ನಿಯಮ ಬೇಕು. ಆ ನಿಯಮವನ್ನು ನಡೆಸಲು ಸಮಾಜದ ಎಲ್ಲ ವರ್ಗಗಳನ್ನು ಪ್ರತಿನಿಧಿಸುವ ಸ್ವತಂತ್ರ, ಸ್ವಾಯತ್ತ ಪ್ರಾಧಿಕಾರವೊಂದನ್ನು ಕೇಂದ್ರ ಕೂಡಲೇ ಸ್ಥಾಪಿಸಬೇಕು.

ಆ ‘ಕೂಡಲೇ’ಗೆ ಮೂವತ್ತು ವರ್ಷ ಕಳೆದಿದೆ. 1997ರ ಪ್ರಸಾರ ಮಸೂದೆ ಸಂಸದೀಯ ಸಮಿತಿಗೆ ಹೋಗಿ ಅಲ್ಲಿಯೇ ಉಳಿಯಿತು. 2001ರದು ಲೋಕಸಭೆಯೊಂದಿಗೆ ಅಸ್ತಂಗತವಾಯಿತು. 2006, 2007ರ ಕರಡುಗಳು ಕರಡುಗಳಾಗಿಯೇ ಹಳದಿಯಾದವು. 2023ರ ನವೆಂಬರಿನಲ್ಲಿ ಮತ್ತೊಂದು ಕರಡು. 2024ರಲ್ಲಿ ಅದರ ಪರಿಷ್ಕೃತ ರೂಪಕ್ಕೆ ವಿರೋಧ ಬಂದಾಗ, ಇನ್ನಷ್ಟು ಸಮಾಲೋಚನೆಯ ನಂತರ ಹೊಸದನ್ನು ತರುವುದಾಗಿ ಸಚಿವಾಲಯ ಹೇಳಿತು. ಬಂದಿರುವುದು 1995ರ ಕೇಬಲ್ ಕಾಯ್ದೆ. ಅದರ ಕಾರ್ಯಕ್ರಮ ಸಂಹಿತೆಯಲ್ಲಿ ಸದಭಿರುಚಿ, ಸಭ್ಯತೆ ಎಂಬಂಥ ಹಿಗ್ಗಿಸಿದರೆ ಹಿಗ್ಗುವ ಮಾತುಗಳಿವೆ. ಅವುಗಳ ಅರ್ಥ ಹೇಳುವ ಅಧಿಕಾರ ಕೊನೆಗೆ ಸಚಿವಾಲಯದ್ದು. ದೂರುದಾರ, ತನಿಖಾಧಿಕಾರಿ, ತೀರ್ಪುಗಾರ ಮೂವರೂ ಒಬ್ಬರೇ ಆದರೆ ಆಟದ ಮೈದಾನದಲ್ಲಿ ಹುಡುಗರೂ ಒಪ್ಪುವುದಿಲ್ಲ.

ಒಂದು ಉದಾಹರಣೆ ಸಾಕು. ಮಲಯಾಳದ ‘ಮೀಡಿಯಾ ಒನ್’ ವಾಹಿನಿಯ ಪರವಾನಗಿಯನ್ನು 2022ರ ಜನವರಿಯಲ್ಲಿ ಭದ್ರತೆಯ ಕಾರಣವೆಂದು ಹೇಳಿ ನವೀಕರಿಸದೆ ನಿಲ್ಲಿಸಲಾಯಿತು. ಕಾರಣವೇನೆಂದು ವಾಹಿನಿಗೆ ಹೇಳಲಿಲ್ಲ. ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಕೊಡಲಾಯಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿ, ರಾಷ್ಟ್ರದ ಭದ್ರತೆ ಎಂಬ ಮಾತನ್ನು ಸುಮ್ಮನೆ ಗಾಳಿಯಲ್ಲಿ ತೇಲಿಬಿಟ್ಟು ನಾಗರಿಕರ ಹಕ್ಕನ್ನು ಕಸಿಯಲಾಗದೆಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ಏಕೆ ಹಿಡಿದರೆಂದು ಹೇಳದೆ ಕರೆದೊಯ್ದ ಆ ವಕೀಲರು ನನಗೆ ನೆನಪಾದರು.

ಇಷ್ಟು ಓದಿದವರು, ‘ಹಾಗಾದರೆ ಮೇಷ್ಟರು ಚಾನೆಲ್‌ಗಳ ಪರ’ ಎಂದುಕೊಳ್ಳಬಾರದು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾದಾಗ ಕಮಾಂಡೊಗಳು ಎಲ್ಲಿ ಇಳಿಯುತ್ತಿದ್ದಾರೆಂಬುದನ್ನು ವಾಹಿನಿಗಳು ನೇರವಾಗಿ ತೋರಿಸಿದವು; ಪಾಕಿಸ್ತಾನದಲ್ಲಿ ಕುಳಿತು ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರೂ ಅದನ್ನು ನೋಡುತ್ತಿದ್ದರು. 2012ರಲ್ಲಿ ಕಸಬ್ ಪ್ರಕರಣದ ತೀರ್ಪು ನೀಡಿದಾಗ ಸುಪ್ರೀಂ ಕೋರ್ಟು ಇದನ್ನು ಕಟುವಾಗಿ ಖಂಡಿಸಿತು. ಅಂಥ ಕಾರ್ಯಾಚರಣೆಗಳ ನೇರಪ್ರಸಾರಕ್ಕೆ 2015ರಲ್ಲಿ ನಿಷೇಧ ಬಂದಿತು, ಅದು ಸರಿಯೇ. ಸುದ್ದಿವಾಹಿನಿಗಳು ತಾವೇ ಮಾಡಿಕೊಂಡ ಸ್ವಯಂ ನಿಯಂತ್ರಣ ಮಂಡಳಿಯೂ 2008ರಿಂದ ಇದೆ; ಅದರ ಮೊದಲ ಅಧ್ಯಕ್ಷರಾಗಿ ನ್ಯಾಯಮೂರ್ತಿ ಜೆ.ಎಸ್. ವರ್ಮಾರಂಥವರು ಇದ್ದರು. ಆದರೆ ಅದು ವಿಧಿಸಬಹುದಾದ ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ ಎಂಬುದನ್ನು 2023ರಲ್ಲಿ ಸುಪ್ರೀಂ ಕೋರ್ಟೇ ಪ್ರಶ್ನಿಸಿತು. ಒಂದು ಜಾಹೀರಾತಿನ ಹೊತ್ತಿನಲ್ಲಿ ಗಳಿಸಬಹುದಾದ ಹಣಕ್ಕೆ ಯಾವ ವಾಹಿನಿ ಹೆದರೀತು?

ಇನ್ನೊಂದು ಬದಿಯಲ್ಲಿ, ಕೂಗಾಡಲು ಅನುಮತಿಯಿರುವವರ ಪಕ್ಕದಲ್ಲೇ ಪಿಸುಗುಟ್ಟಲೂ ಅನುಮತಿಯಿಲ್ಲದವರಿದ್ದಾರೆ. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ 2001ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಹಾಡು ಹಾಕಬಹುದಿತ್ತು, ಹರಟೆ ಹೊಡೆಯಬಹುದಿತ್ತು; ಸ್ವಂತ ಸುದ್ದಿ ಹೇಳುವಂತಿರಲಿಲ್ಲ. ಹತ್ತು ವರ್ಷಗಳ ಮೇಲೆ ಸಿಕ್ಕ ರಿಯಾಯಿತಿಯೆಂದರೆ ಆಕಾಶವಾಣಿಯ ವಾರ್ತೆಯನ್ನೇ ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡುವುದು. ಅಂದರೆ, ನನ್ನ ಉಕ್ತಲೇಖನ! ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿದ್ದು 2023ರಲ್ಲಿ.

ಇದೇ ಹೊತ್ತಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ (ಹೈದರಾಲಿ ಹುಟ್ಟಿದ ಊರು) ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯ ಪ್ರಯೋಗ ನಡೆದಿತ್ತು. ಹಳ್ಳಿಯ ಹೆಣ್ಣುಮಕ್ಕಳೂ ಯುವಕರೂ ನೀರು, ಬೆಳೆ, ಆರೋಗ್ಯದ ಬಗ್ಗೆ ತಾವೇ ಕಾರ್ಯಕ್ರಮಗಳನ್ನು ತಯಾರಿಸುತ್ತಿದ್ದರು. ಗಾಳಿಯಲ್ಲಿ ಬಿಡಲು ಲೈಸೆನ್ಸ್ ಇಲ್ಲ. ಆದ್ದರಿಂದ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಕಳುಹಿಸಿದರು. ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು ಹೇಳಿ ಆರೇಳು ವರ್ಷವಾದ ಮೇಲಿನ ಮಾತು ಇದು. ಸಂಘಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯೂ ಸುದ್ದಿ ನಿಷಿದ್ಧವೆಂಬ ಷರತ್ತಿನೊಂದಿಗೆ.

ಗೃಹಪ್ರವೇಶದ ದಿನ ಇಷ್ಟೆಲ್ಲ ಹೇಳಲಿಲ್ಲ. ಕೈತೊಳೆಯಲು ಎದ್ದಾಗ ಶಿಷ್ಯನನ್ನು ಕೇಳಿದೆ: “ನಿನಗೆ ಎಂಟನೆಯ ತರಗತಿಯ ಉಕ್ತಲೇಖನ ನೆನಪಿದೆಯೇನಯ್ಯಾ?”

“ಅಯ್ಯೋ, ಚೆನ್ನಾಗಿ ನೆನಪಿದೆ ಸಾರ್” ಎಂದು ಅವನ ಮುಖ ಅರಳಿತು. “ನನಗೆ ಯಾವಾಗಲೂ ಹತ್ತಕ್ಕೆ ಹತ್ತು ಕೊಡುತ್ತಿದ್ದಿರಿ.”

ವಕೀಲರ ಮಗ ಈಗ ಎಲ್ಲಿದ್ದಾನೆಂದು ಕೇಳಿದೆ. ತಂದೆ ಬಿಡುಗಡೆಯಾದ ವರ್ಷವೇ ಅವರ ಸಂಸಾರ ಊರು ಬಿಟ್ಟಿತ್ತು. ಆಮೇಲಿನದು ಇವನಿಗೂ ತಿಳಿಯದು. ಆ ತಂಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನ ವಿಳಾಸ ಗೊತ್ತಿದ್ದರೆ, ದಯವಿಟ್ಟು ನನಗೆ ತಿಳಿಸಿ.